ಅಕ್ಕ ಹೇಳಿದ ಯೆಸ್

ಸಿಂಹಳ ನನಗೆ ಬರುವುದಿಲ್ಲ. ಇದನ್ನು ಕೆಲಸಕ್ಕೆ ಸೇರಿದ ಮೊದಲ ವಾರವೇ ಹೇಳಿದ್ದೆ. ಪ್ಲೆಸೆಂಟನ್‌ನ ಆಫೀಸಿನಲ್ಲಿ ನಮ್ಮ ಮ್ಯಾನೇಜರು ಕಾಫಿ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದು, ಸಿಂಹಳ ಮಾತಾಡುವವರಿಗೆ ಇಂಗ್ಲಿಷ್ ಮಾತು ಅಭ್ಯಾಸ ಮಾಡಿಸುವ ಎಐ ಟ್ಯೂಟರ್ ಒಂದನ್ನು ಕಟ್ಟುತ್ತಿದ್ದೇವೆ, ಕಲಿಯುವವರು ಕೊಟ್ಟ ಉತ್ತರ ಸರಿಯೋ ತಪ್ಪೋ ಎಂದು ಅದಕ್ಕೆ ಹೇಳಿಕೊಡುವ ಕೆಲಸ ನಿನ್ನದು ಎಂದರು. ನನಗೆ ಸಿಂಹಳದ ಒಂದಕ್ಷರವೂ ಗೊತ್ತಿಲ್ಲ ಎಂದೆ. “ಬಟ್ ಯು ಆರ್ ಫ್ರಮ್ ದಟ್ ಸೈಡ್, ರೈಟ್? ಕ್ಲೋಸ್ ಎನಫ್” ಎಂದು ನಕ್ಕು ಹೊರಟುಹೋದರು. ಆ ಕಡೆಯವಳಾದರೆ ಸಾಕಂತೆ. ಮೈಸೂರಿಗೂ ಕ್ಯಾಂಡಿಗೂ ನಡುವೆ ಇರುವ ಸಮುದ್ರವನ್ನು ಅವರು ಒಂದು ಗುಟುಕು ಕಾಫಿಯಲ್ಲಿ ದಾಟಿಬಿಟ್ಟರು. ನನಗೆ ಸಿಟ್ಟು ಬಂತು, ಆದರೆ ಕೆಲಸ ಬೇಡ ಎನ್ನಲಿಲ್ಲ.

ಬೇಡ ಎನ್ನದಿರಲು ಕಾರಣವಿತ್ತು. ಮೈಸೂರಿನ ಕಾಲೇಜೊಂದರಲ್ಲಿ ನಾನು ಹನ್ನೊಂದು ವರ್ಷ ಇಂಗ್ಲಿಷ್ ಪಾಠ ಮಾಡಿದವಳು. ಈ ದೇಶಕ್ಕೆ ಬಂದದ್ದು ಗಂಡನ ವೀಸಾದ ಬಾಲಂಗೋಚಿಯಾಗಿ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ನಿಂತು ಕಾಲು ಸೋತು, ಅದು ಕೈಗೆ ಬರುವ ಹೊತ್ತಿಗೆ ಮಗಳು ಹೈಸ್ಕೂಲಿಗೆ ಬಂದಿದ್ದಳು. ಅಷ್ಟು ವರ್ಷ ನನ್ನ ಇಂಗ್ಲಿಷ್ ಪಕ್ಕದೂರು ಡಬ್ಲಿನ್‌ನ ಅಪಾರ್ಟ್‌ಮೆಂಟಿನಲ್ಲಿ, ಗ್ರೋಸರಿ ಅಂಗಡಿಯಲ್ಲಿ, ಮಗಳ ಶಾಲೆಯ ಮೀಟಿಂಗುಗಳಲ್ಲಿ ಖರ್ಚಾಗಿತ್ತು. ಈಗ ಒಂದು ಕಂಪನಿ ನನ್ನನ್ನು ಕರೆದು, ಇಂಗ್ಲಿಷಿನಲ್ಲಿ ಯಾವುದು ಸರಿ ಯಾವುದು ತಪ್ಪು ನೀನೇ ಹೇಳು ಎನ್ನುತ್ತಿದೆ. ಜಂಬ ಬಂತು ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಕೆಲಸ ಸುಲಭದ್ದೇ. ಶ್ರೀಲಂಕಾದವರು ಫೋನಿನಲ್ಲಿ ಟ್ಯೂಟರಿನ ಜೊತೆ ಮಾತಾಡುತ್ತಾರೆ. ಅದು ಪ್ರಶ್ನೆ ಕೇಳುತ್ತದೆ, ಅವರು ಉತ್ತರಿಸುತ್ತಾರೆ. ಆ ರೆಕಾರ್ಡಿಂಗುಗಳು ನನಗೆ ಬರುತ್ತವೆ. ನಾನು ಕೇಳಿ ಪ್ರತಿಯೊಂದಕ್ಕೂ ಸರಿ ಅಥವಾ ತಪ್ಪು ಎಂದು ಗುರುತು ಹಾಕುತ್ತೇನೆ. ನನ್ನ ಗುರುತುಗಳನ್ನು ನೋಡಿ ಯಂತ್ರ ಕಲಿಯುತ್ತದೆ, ಮುಂದಿನ ಸಲ ತಾನೇ ಹೇಳುತ್ತದೆ. ಉಚ್ಚಾರಣೆಯ ಭಾಗವನ್ನು ನೋಡಿಕೊಳ್ಳಲು ಕೊಲಂಬೋದ ಒಬ್ಬ ಭಾಷಾಶಾಸ್ತ್ರಜ್ಞರಿದ್ದರು, ವಿಡಿಯೋದಲ್ಲಿ ಬರುತ್ತಿದ್ದರು. ಸಿಂಹಳದವರು ಸ್ಕೂಲಿಗೆ ಇಸ್ಕೂಲ್ ಎನ್ನುತ್ತಾರೆ, ಫ ಬರುವಲ್ಲಿ ಪ ಹೇಳುತ್ತಾರೆ ಎಂದು ಅವರು ವಿವರಿಸಿದಾಗ ನಾನು ಜೋರಾಗಿ ನಕ್ಕುಬಿಟ್ಟೆ. ನಮ್ಮ ಕಡೆಯೂ ಅಷ್ಟೇ ಸಾರ್, ಇಸ್ಕೂಲಿಗೆ ಹೋಗಿ ಕಾಪಿ ಕುಡಿದು ಬೆಳೆದವರೇ ನಾವು ಎಂದೆ. ಅವರೂ ನಕ್ಕರು. ಮೂರು ತಿಂಗಳಿಗೆ ಅವರ ಗುತ್ತಿಗೆ ಮುಗಿಯಿತು, ಆಮೇಲೆ ಎಲ್ಲವನ್ನೂ ನೋಡುವವಳು ನಾನೊಬ್ಬಳೇ ಆದೆ.

ಫೋನಿನಲ್ಲಿ ಬರುವ ದನಿಗಳು ಸಾಲದು, ಎದುರಿಗೇ ಕೂತು ಪಾಠ ಪರೀಕ್ಷಿಸಲು ಒಬ್ಬಿಬ್ಬರು ಸಿಂಹಳದವರು ಬೇಕು ಎಂದು ಡಬ್ಲಿನ್‌ನ ಇಂಡಿಯನ್ ಗ್ರೋಸರಿಯಲ್ಲಿ ಒಂದು ಚೀಟಿ ಅಂಟಿಸಿದೆ. ಬಾಡಿಗೆಗೆ ಕೋಣೆ, ಟಿಫಿನ್ ಸರ್ವಿಸ್, ಭರತನಾಟ್ಯ ಕ್ಲಾಸುಗಳ ಚೀಟಿಗಳ ನಡುವೆ ನನ್ನದೂ ಒಂದು. ಎರಡು ವಾರ ಯಾರೂ ಕರೆಯಲಿಲ್ಲ. ಮೂರನೆಯ ವಾರ ಒಬ್ಬ ಹೆಂಗಸು ಫೋನ್ ಮಾಡಿ, ನೀವು ಚೀಟಿಯಲ್ಲಿ ಹೇಳಿದ ಪಾಠದಲ್ಲಿ ನರ್ಸುಗಳಿಗೆ ಏನಾದರೂ ಇದೆಯೇ ಎಂದು ಕೇಳಿದರು.

ಅವರ ಹೆಸರು ಇಲ್ಲಿ ಬೇಡ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ನನಗಿಂತ ಐದಾರು ವರ್ಷಕ್ಕೆ ದೊಡ್ಡವರು. ಅಕ್ಕ ಎಂದು ಮೊದಲ ಸಲ ಬಾಯಿ ತಪ್ಪಿ ಬಂದಾಗ ಅವರು ಕಣ್ಣರಳಿಸಿ, ನಿಮ್ಮಲ್ಲೂ ಅಕ್ಕನೇನಾ ಎಂದರು. ಸಿಂಹಳದಲ್ಲೂ ಅಕ್ಕ ಅಕ್ಕನೇ, ಅಮ್ಮ ಅಮ್ಮನೇ. ತಂಗಿ ಮಾತ್ರ ನಂಗಿ. ಅಂದಿನಿಂದ ನಾನು ಅವರಿಗೆ ನಂಗಿಯಾದೆ. ಮ್ಯಾನೇಜರು ಹೇಳಿದ ಆ ಕಡೆ ಎಂಬುದು ಇದೇ ಇರಬಹುದು ಎಂದುಕೊಂಡು ಅವರ ಮೇಲಿನ ಸಿಟ್ಟನ್ನು ಸ್ವಲ್ಪ ಕಡಿಮೆ ಮಾಡಿಕೊಂಡೆ.

ಅಕ್ಕ ಕ್ಯಾಂಡಿಯ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದವರು, ಕೊನೆಯ ಎಂಟು ವರ್ಷ ವಾರ್ಡ್ ಸಿಸ್ಟರ್. ಗಂಡ ತೀರಿಕೊಂಡ ಮೇಲೆ ಗ್ರೀನ್ ಕಾರ್ಡ್ ಲಾಟರಿಗೆ ಅರ್ಜಿ ಹಾಕಿದರಂತೆ, ಮೊದಲ ಸಲಕ್ಕೇ ಬಂತಂತೆ. ಭಾರತದವರಿಗೆ ಆ ಲಾಟರಿಯೇ ಇಲ್ಲ. ನಾವು ಕಾದ ವರ್ಷಗಳನ್ನು ಹೇಳಿದಾಗ ಅಕ್ಕ ಬಾಯಿಯ ಮೇಲೆ ಕೈ ಇಟ್ಟುಕೊಂಡು “ಅನೇ!” ಎಂದರು. ಅಯ್ಯೋ ಪಾಪ ಎನ್ನುವುದಕ್ಕೆ ಅವರ ಮಾತು ಅದು. ಅಷ್ಟು ಸುಲಭವಾಗಿ ಬಂದವರಿಗೆ ಇಲ್ಲಿ ಸಿಕ್ಕಿದ್ದು ಡಬ್ಲಿನ್‌ನ ಒಂದು ಮನೆಯಲ್ಲಿ ಆರು ಜನ ಮುದುಕರನ್ನು ನೋಡಿಕೊಳ್ಳುವ ಕೆಲಸ. ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಬಟ್ಟೆ ಬದಲಿಸುವುದು. ನರ್ಸಾಗಲು ಇಲ್ಲಿಯ ಲೈಸೆನ್ಸ್ ಬೇಕು. ಅದರ ಬರವಣಿಗೆಯ ಪರೀಕ್ಷೆಗಳೆಲ್ಲ ಪಾಸಾಗಿದ್ದವು, ಮಾತಿನ ಇಂಗ್ಲಿಷಿನ ಪರೀಕ್ಷೆಯೊಂದು ಬಾಕಿ ಇತ್ತು. ಮತ್ತೆ ಸಿಸ್ಟರ್ ಅನ್ನಿಸಿಕೊಳ್ಳಬೇಕು ನಂಗಿ, ಇಲ್ಲಿ ಎಲ್ಲರೂ ನನ್ನ ಹನೀ ಅಂತಾರೆ ಎಂದು ಅವರು ಒಮ್ಮೆ ಹೇಳಿದರು. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಶನಿವಾರ ಬೆಳಿಗ್ಗೆ ಲೈಬ್ರರಿಯ ಚಿಕ್ಕ ಕೋಣೆಯಲ್ಲಿ ಕೂರುತ್ತಿದ್ದೆವು. ಅಕ್ಕ ಡಬ್ಬಿ ತರುತ್ತಿದ್ದರು. ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನ, ಜೊತೆಗೆ ತೆಂಗಿನತುರಿಗೆ ಒಣಮೆಣಸಿನಕಾಯಿ, ಈರುಳ್ಳಿ, ನಿಂಬೆರಸ ಹಾಕಿ ಕಲಸಿದ ಸಂಬಲ್. ಅದಕ್ಕೆ ಒಣಮೀನಿನ ಚೂರು ಹಾಕಲೇಬೇಕಂತೆ. ನಾನು ತಿನ್ನುವುದಿಲ್ಲವೆಂದು ಬರೀ ನನಗಾಗಿ ಒಂದು ಪಾಲು ಬೇರೆ ಮಾಡಿ, ಮುಚ್ಚಳದ ಮೇಲೆ ನಂಗಿ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತಿದ್ದರು. ಲೈಬ್ರರಿಯಲ್ಲಿ ತಿನ್ನಬಾರದು ಎಂಬ ಬೋರ್ಡಿನ ಕೆಳಗೇ ಕೂತು ಇಬ್ಬರೂ ತಿನ್ನುತ್ತಿದ್ದೆವು.

ನಾವಿಬ್ಬರೂ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ, ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರು ಹೇಳಿದ್ದು ನನಗಾಗಲಿ ನಾನು ಹೇಳಿದ್ದು ಅವರಿಗಾಗಲಿ ಒಂದು ಸಲವೂ ತಪ್ಪಾಗಿ ತಿಳಿಯಲಿಲ್ಲ. ಇಬ್ಬರ ಇಂಗ್ಲಿಷೂ ಚೆನ್ನಾಗಿದೆ ಎನ್ನುವುದಕ್ಕೆ ಅದೇ ಸಾಕ್ಷಿ ಎಂದುಕೊಂಡಿದ್ದೆ.

ನರ್ಸುಗಳ ಪಾಠವನ್ನು ನಾವಿಬ್ಬರೇ ಸೇರಿ ಬರೆದೆವು. ಪಾಳಿ ಬದಲಾಗುವಾಗ ಮುಂದಿನವರು ಏನೇನು ಕೇಳುತ್ತಾರೆ ಹೇಳಿ ಅಕ್ಕಾ ಎಂದರೆ ಅವರು ಒಂದೊಂದೇ ಹೇಳಿದರು. ಅವರು ಕೆಲಸ ಮಾಡುತ್ತಿದ್ದ ಮನೆಗೆ ಆಗತಾನೇ ಹೊಸ ಸೂಪರ್‌ವೈಸರ್ ಬಂದಿದ್ದಳು. ಆಕೆಗೆ ಎಲ್ಲವನ್ನೂ ಇಲ್ಲ ಸೇರಿಸಿ ಕೇಳುವ ಅಭ್ಯಾಸ. ಅವರು ಊಟ ಮಾಡಿಲ್ಲವೇ, ಮಾತ್ರೆ ಕೊಟ್ಟಿಲ್ಲವೇ, ನೋವಿಲ್ಲವೇ. ನಾನು ಪ್ರಶ್ನೆಗಳನ್ನು ಹಾಗೆ ಹಾಗೇ ಬರೆದುಕೊಂಡು ಯಂತ್ರಕ್ಕೆ ಕೊಟ್ಟೆ. ಅಕ್ಕ ಇದ್ದದ್ದು ಗಿಲ್‌ರಾಯ್‌ನಲ್ಲಿ, ಕೋಣೆಯ ಬಾಡಿಗೆ ಅಲ್ಲಿ ಕಡಿಮೆಯೆಂದು. ದಿನಾ ಅಲ್ಲಿಂದ ಡಬ್ಲಿನ್‌ಗೆ ಒಂದು ಗಂಟೆಯ ಮೇಲೆ ಫ್ರೀವೇಯಲ್ಲಿ ಬರಬೇಕು. ಹೋಗುವಾಗ ಬರುವಾಗ ಫೋನನ್ನು ಕಾರಿಗೆ ಸಿಕ್ಕಿಸಿಕೊಂಡು ಟ್ಯೂಟರ್ ಜೊತೆ ಆ ಪಾಠವನ್ನೇ ಅಭ್ಯಾಸ ಮಾಡುತ್ತಿದ್ದರು. ಪರೀಕ್ಷೆಗೆ ಆರು ವಾರ ಉಳಿದಿತ್ತು. ಟ್ಯೂಟರ್ ದಿನಾ ವೆರಿ ಗುಡ್ ಅನ್ನತ್ತೆ ನಂಗಿ, ಧೈರ್ಯ ಬಂದಿದೆ ಎಂದರು.

ಮುಂದಿನ ಶನಿವಾರ ಅವರು ಬರಲಿಲ್ಲ. ಸೋಮವಾರ ಮಧ್ಯಾಹ್ನ ಫೋನ್ ಬಂತು. ಅಕ್ಕ ಅಳುತ್ತಿರಲಿಲ್ಲ, ವರದಿ ಒಪ್ಪಿಸುವವರ ಹಾಗೆ ಹೇಳಿದರು. ಅವರು ನೋಡಿಕೊಳ್ಳುತ್ತಿದ್ದ ಒಬ್ಬ ಮುದುಕರಿಗೆ ಹೃದಯದ ತೊಂದರೆ, ಸಂಜೆ ಊಟದ ನಂತರ ಒಂದು ಮಾತ್ರೆ. ಇತ್ತೀಚೆಗೆ ಅವರು ಊಟಕ್ಕೆ ತಡ ಮಾಡುತ್ತಿದ್ದರು. ಅಕ್ಕನ ಪಾಳಿ ಮುಗಿಯುವ ಹೊತ್ತಿಗೆ ಊಟವೇ ಆಗಿರುತ್ತಿರಲಿಲ್ಲ. ಹಾಗಾಗಿ ಮಾತ್ರೆಯನ್ನು ಸೂಪರ್‌ವೈಸರಿಗೆ ಬಿಟ್ಟು ಹೊರಡುತ್ತಿದ್ದರು. ಆಕೆ ಬಾಗಿಲಲ್ಲೇ ಕೇಳುತ್ತಿದ್ದಳು, ಇವರು ಉತ್ತರಿಸುತ್ತಿದ್ದರು. ಮೂರು ಸಂಜೆ ಮುದುಕರಿಗೆ ಮಾತ್ರೆ ಸಿಗಲಿಲ್ಲ. ನಾಲ್ಕನೆಯ ದಿನ ಬಚ್ಚಲಲ್ಲಿ ಕುಸಿದರು. ಆಂಬುಲೆನ್ಸ್ ಬಂತು. ಡಬ್ಬಿಯಲ್ಲಿ ಮೂರು ಮಾತ್ರೆ ಹೆಚ್ಚು ಉಳಿದಿದ್ದವು, ಪಟ್ಟಿಯಲ್ಲಿ ಮೂರು ದಿನವೂ ಕೊಟ್ಟಿದೆ ಎಂದು ಗುರುತಿತ್ತು. ಈಕೆ ಕೊಟ್ಟಿದ್ದೇನೆ ಅಂದಳು, ನಾನು ಗುರುತು ಹಾಕಿದೆ ಎಂದಳಂತೆ ಸೂಪರ್‌ವೈಸರ್. ಸುಳ್ಳು ಹೇಳಿದಳೆಂದು ಅಕ್ಕನನ್ನು ಕೆಲಸದಿಂದ ತೆಗೆದರು. ದೂರು ಮೇಲಕ್ಕೆ ಹೋಗಿತ್ತು. ಲೈಸೆನ್ಸಿನ ಅರ್ಜಿಯಲ್ಲಿ, ನಿಮ್ಮ ಮೇಲೆ ಯಾವುದಾದರೂ ದೂರಿದೆಯೇ ಎಂಬ ಕಾಲಮ್ ಇದೆ.

“ನಾನು ಸುಳ್ಳು ಹೇಳಿಲ್ಲ ನಂಗಿ. ಕೊಟ್ಟಿಲ್ವಾ ಅಂತ ಅವಳು ಕೇಳಿದ್ಲು, ನಾನು ಯೆಸ್ ಅಂದೆ. ಮೂರು ದಿನಾನೂ ಯೆಸ್ ಅಂತಾನೇ ಅಂದೆ.”

“ಗೊತ್ತು ಅಕ್ಕಾ. ನೀವ್ಯಾಕೆ ಸುಳ್ಳು ಹೇಳ್ತೀರಿ?” ಎಂದೆ. ನನಗೆ ಆ ಸೂಪರ್‌ವೈಸರಿನ ಮೇಲೆ ಮೈಯೆಲ್ಲ ಉರಿಯಿತು. ಮಾತ್ರೆ ಕೊಡುವುದನ್ನು ತಾನು ಮರೆತು ಬಿಳಿಯಳಲ್ಲದ ಹೆಂಗಸಿನ ತಲೆಗೆ ಕಟ್ಟಿದ್ದಾಳೆ ಎಂದು ತೀರ್ಮಾನ ಮಾಡಿಬಿಟ್ಟೆ.

ಆ ಸಂಜೆ ನಾನು, ಮಗಳು ಇಬ್ಬರೇ ಊಟಕ್ಕೆ ಕೂತಿದ್ದೆವು. ಅವಳಿಗೆ ಹದಿನಾರು. ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಇಂಗ್ಲಿಷ್. ಸಿಟ್ಟು ಇಳಿಯದೆ ಅವಳ ಮುಂದೆ ಎಲ್ಲವನ್ನೂ ಹೇಳಿದೆ.

“ಯು ಹ್ಯಾವಂಟ್ ಗಿವನ್ ಹಿಮ್ ದ ಪಿಲ್? ಅಂತ ಆಕೆ ಕೇಳಿದ್ದಾಳೆ. ಅಕ್ಕ ಯೆಸ್ ಅಂದಿದ್ದಾರೆ. ಇನ್ನೇನು ಹೇಳಬೇಕಿತ್ತು? ಆದ್ರೂ ಸುಳ್ಳಿ ಅಂತಾರಲ್ಲ, ಎಂಥ ಜನ!”

ಮಗಳು ಚಮಚ ಕೆಳಗಿಟ್ಟಳು. “ವೇಟ್. ಶೀ ಸೆಡ್ ಯೆಸ್?”

“ಹೂಂ.”

“ಅಮ್ಮಾ, ದೆನ್ ಶೀ ಸೆಡ್ ಶೀ ಗೇವ್ ಇಟ್.”

“ಅದು ಹೇಗಾಗತ್ತೆ? ಕೊಟ್ಟಿಲ್ವಾ ಅಂತ ಕೇಳಿದ್ರೆ, ಹೂಂ, ಕೊಟ್ಟಿಲ್ಲ.”

“ನೋ. ಇಫ್ ಯು ಡಿಡ್ ನಾಟ್ ಗಿವ್ ಇಟ್, ಯು ಸೇ ನೋ.” ಆಮೇಲೆ ಮೆತ್ತಗೆ ಹೇಳಿದಳು: “ಯು ಡು ಇಟ್ ಟೂ. ಆಲ್ವೇಸ್.”

ನಾನೇ? ಹನ್ನೊಂದು ವರ್ಷ ಇಂಗ್ಲಿಷ್ ಪಾಠ ಮಾಡಿದವಳು? ಆ ನಿಯಮ ನನಗೆ ಗೊತ್ತಿಲ್ಲದ್ದೇನಲ್ಲ. ಬೋರ್ಡಿನ ಮೇಲೆ ಬರೆದು, ಅಡಿಗೆರೆ ಎಳೆದು, ಪರೀಕ್ಷೆಯಲ್ಲಿ ಕೇಳಿದ್ದೇನೆ. ಆದರೆ ಬೋರ್ಡಿನಿಂದ ಅದು ನನ್ನ ಬಾಯಿಗೆ ಎಂದೂ ಇಳಿದಿರಲಿಲ್ಲ, ಕಿವಿಗೂ ಇಳಿದಿರಲಿಲ್ಲ. ಬಂದಿಲ್ವಾ ಎಂದರೆ ಹೂಂ, ಬಂದಿಲ್ಲ. ಕೇಳಿದವನ ಮಾತು ಸರಿ ಎಂದು ಮೊದಲು ಒಪ್ಪಿ, ಆಮೇಲೆ ಇಲ್ಲ ಎನ್ನುವುದು ನಮ್ಮ ಮರ್ಯಾದೆ. ಸಿಂಹಳದ ಅಕ್ಕನದೂ ಅದೇ ಮರ್ಯಾದೆ. ಇಂಗ್ಲಿಷಿನವರಿಗೆ ಕೇಳಿದವನು ಏನೆಂದುಕೊಂಡಿದ್ದಾನೆ ಎನ್ನುವುದು ಬೇಕಿಲ್ಲ, ಕೆಲಸ ಆಯಿತೋ ಇಲ್ಲವೋ ಅಷ್ಟೇ ಬೇಕು.

ಮಗಳು ತಟ್ಟೆಯಲ್ಲಿ ಅನ್ನ ಕಲಸುತ್ತಾ, ತಮಾಷೆಯ ವಿಷಯವೆನ್ನುವ ಹಾಗೆ ಇನ್ನೊಂದು ಹೇಳಿದಳು. ಚಿಕ್ಕವಳಿದ್ದಾಗ ನಾನು ಬೈದ ಮೇಲೆ ಅವಳು ಹತ್ತಿರ ಬಂದು, ಯು ಆರ್ ನಾಟ್ ಮ್ಯಾಡ್ ಅಟ್ ಮಿ ಎನಿಮೋರ್, ಈಗ ಸಿಟ್ಟಿಲ್ಲ ತಾನೇ ಎಂದು ಕೇಳುತ್ತಿದ್ದಳಂತೆ. ನಾನು ಯೆಸ್ ಎನ್ನುತ್ತಿದ್ದೆನಂತೆ. ಅವಳು ರೂಮಿಗೆ ಹೋಗಿ ಅಳುತ್ತಿದ್ದಳಂತೆ.

“ಎಷ್ಟು ದಿನ?” ಎಂದೆ.

“ಟಿಲ್ ಸೆಕೆಂಡ್ ಗ್ರೇಡ್, ಐ ಗೆಸ್. ದೆನ್ ಐ ಫಿಗರ್ಡ್ ಇಟ್ ಔಟ್. ಇಟ್ಸ್ ಓಕೆ, ಅಮ್ಮಾ.”

ಅವಳು ಓಕೆ ಎಂದದ್ದು ನನಗೆ ಇನ್ನೂ ಓಕೆ ಆಗಿಲ್ಲ. ಸಿಟ್ಟು ಹೋಗಿದೆ ಪುಟ್ಟ ಎಂದು ನಾನು ಹೇಳಿದ್ದು, ಸಿಟ್ಟು ಹಾಗೇ ಇದೆ ಎಂದು ಅವಳ ಕಿವಿಗೆ ಬಿದ್ದದ್ದು, ಅವಳು ಬಾಗಿಲು ಹಾಕಿಕೊಂಡದ್ದು. ಮೊಂಡಿ ಎಂದುಕೊಂಡಿದ್ದೆ ನಾನು.

ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗಿ ಪಾಳಿಯ ಪಾಠದಲ್ಲಿದ್ದ ಅಕ್ಕನ ರೆಕಾರ್ಡಿಂಗುಗಳನ್ನೆಲ್ಲ ಹುಡುಕಿದೆ. ಮಾತ್ರೆ ಕೊಟ್ಟಿಲ್ಲವೇ ಎಂಬ ಪ್ರಶ್ನೆಗೆ ಮೂವತ್ತೇಳು ಉತ್ತರಗಳು. ಮೂವತ್ತೇಳೂ ಯೆಸ್. ಪಾಠದಲ್ಲಿ ಮಾತ್ರೆ ಇನ್ನೂ ಕೊಟ್ಟಿಲ್ಲ ಎಂಬ ಸನ್ನಿವೇಶವನ್ನು ಮೊದಲೇ ಹೇಳಿರುತ್ತೇವೆ, ಹಾಗಾಗಿ ಉತ್ತರ ನೋ ಆಗಬೇಕು. ಮೂವತ್ತೇಳರ ಪಕ್ಕದಲ್ಲೂ ಸರಿ ಎಂದು ನನ್ನ ಗುರುತು.

ಅದಕ್ಕಿಂತ ಕೆಟ್ಟದ್ದು ಇನ್ನೊಂದು ಕಂಡಿತು. ಯಂತ್ರಕ್ಕೆ ಅನುಮಾನ ಬಂದ ಉತ್ತರಗಳಿಗೆ ಅದು ಹಳದಿ ಬಣ್ಣ ಹಚ್ಚಿ ನನ್ನ ಮುಂದಿಡುತ್ತದೆ. ಅಕ್ಕನ ಮೊದಲ ಒಂಬತ್ತು ಯೆಸ್‌ಗಳಿಗೆ ಹಳದಿ ಹಚ್ಚಿತ್ತು. ಇದು ತಪ್ಪಿರಬಹುದೇ ಎಂದು ಒಂಬತ್ತು ಸಲ ನನ್ನನ್ನು ಕೇಳಿತ್ತು. ನನಗೆ ನೆನಪಿದೆ, ಪೆದ್ದು ಯಂತ್ರ, ಇಷ್ಟು ಸರಳ ಉತ್ತರಕ್ಕೂ ಅನುಮಾನವೇ ಎಂದು ಬೈದುಕೊಂಡೇ ಒಂಬತ್ತಕ್ಕೂ ಸರಿ ಹಾಕಿದ್ದೆ. ಹತ್ತನೆಯದಕ್ಕೆ ಅದು ಕೇಳುವುದನ್ನು ಬಿಟ್ಟಿತ್ತು. ಗೊತ್ತಿದ್ದ ಯಂತ್ರಕ್ಕೆ ಗೊತ್ತಿಲ್ಲದ ನಾನು ಕಲಿಸಿದ್ದೆ. ಆಮೇಲೆ ಅದು ಗಿಲ್‌ರಾಯ್‌ನಿಂದ ಡಬ್ಲಿನ್‌ವರೆಗೆ, ಡಬ್ಲಿನ್‌ನಿಂದ ಗಿಲ್‌ರಾಯ್‌ವರೆಗೆ ಅಕ್ಕನಿಗೆ ದಿನಾ ವೆರಿ ಗುಡ್ ಹೇಳಿತ್ತು.

ಮ್ಯಾನೇಜರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಒಳ್ಳೆಯದಿತ್ತು. ಅವರು “ಗ್ರೇಟ್ ಕ್ಯಾಚ್” ಎಂದು ಬೆನ್ನು ತಟ್ಟಿದರು. ಎರಡು ವಾರದಲ್ಲಿ ಸರಿ ಮಾಡೋಣ ಎಂದರು. ದೂರು ವಿಚಾರಿಸುವವರಿಗೆ ತೋರಿಸಲು ಅಕ್ಕನಿಗೆ ಒಂದು ಪತ್ರ ಕೊಡೋಣವೇ, ತಪ್ಪು ನಮ್ಮ ಪಾಠದಲ್ಲಿತ್ತು ಎಂದು, ಎಂದೆ. ಅವರ ಮುಖದಿಂದ ನಗು ಹೋಯಿತು. ಅದು ಅಭ್ಯಾಸಕ್ಕೆ ಮಾತ್ರ ಎಂದು ಆ್ಯಪಿನಲ್ಲೇ ಬರೆದಿದೆ, ಪತ್ರಗಿತ್ರ ಏನೂ ಬೇಡ ಎಂದರು. ಇಂಗ್ಲಿಷಿನಲ್ಲಿ ಎಷ್ಟೋ ಮೃದುವಾಗಿ ಹೇಳಿದರು, ಆದರೆ ಅರ್ಥ ಅಷ್ಟೇ.

ಕಂಪನಿಯ ಕಾಗದ ಬೇಡ ಎಂದು ನನ್ನ ಸ್ವಂತ ಹೆಸರಿನಲ್ಲಿ ಬರೆದೆ. ಎರಡು ಪುಟ. ಈ ಹೆಂಗಸು ಸುಳ್ಳು ಹೇಳಿಲ್ಲ, ಇವರ ಭಾಷೆಯಲ್ಲೂ ನನ್ನ ಭಾಷೆಯಲ್ಲೂ ಇಂಥ ಪ್ರಶ್ನೆಗೆ ಉತ್ತರ ಹೀಗೇ, ಇವರು ಯೆಸ್ ಎಂದದ್ದು ಕೊಟ್ಟಿಲ್ಲ ಎಂಬ ಅರ್ಥದಲ್ಲಿ, ಇದನ್ನು ತಿದ್ದಬೇಕಾಗಿದ್ದ ಪಾಠದಲ್ಲಿ ನಾನೇ ತಿದ್ದಲಿಲ್ಲ. ಒಳ್ಳೆಯ ಇಂಗ್ಲಿಷಿನಲ್ಲಿ ಬರೆದೆ. ಕೆಲಸ ಹೋದರೆ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿ, ಭಾನುವಾರ ಕಾರು ತೆಗೆದುಕೊಂಡು ಗಿಲ್‌ರಾಯ್‌ಗೆ ಹೋದೆ. ನನ್ನ ಬಗ್ಗೆ ನನಗೇ ಸ್ವಲ್ಪ ಮೆಚ್ಚುಗೆಯಾಗಿತ್ತು ಎನ್ನುವುದನ್ನೂ ಮುಚ್ಚಿಡುವುದಿಲ್ಲ.

ಅಕ್ಕ ಒಂದು ಮನೆಯ ಹಿಂದಿನ ಕೋಣೆಯಲ್ಲಿದ್ದರು. ಮಂಚ, ಒಂದು ಕುರ್ಚಿ, ಕಿಟಕಿಯ ಹತ್ತಿರ ಬುದ್ಧನ ಚಿಕ್ಕ ಮೂರ್ತಿ. ಹೊರಗಿನಿಂದ ಬೆಳ್ಳುಳ್ಳಿಯ ವಾಸನೆ ಬರುತ್ತಿತ್ತು, ಬೆಳ್ಳುಳ್ಳಿ ಬೆಳೆಗೇ ಹೆಸರಾದ ಊರು ಅದು. ಮುದುಕರು ಆಸ್ಪತ್ರೆಯಿಂದ ವಾಪಸ್ ಬಂದರಂತೆ, ಪರವಾಗಿಲ್ಲವಂತೆ. ಮೊದಲು ಅದನ್ನೇ ಹೇಳಿದರು. ನಾನು ಯೆಸ್ ವಿಷಯವನ್ನು ವಿವರಿಸಿದೆ. ಅವರು ಕೇಳುತ್ತಾ ಕೇಳುತ್ತಾ ಮಂಚದ ಅಂಚಿಗೆ ಕೂತುಬಿಟ್ಟರು. ನಾನು ಹಾಕಿದ ಸರಿ ಗುರುತುಗಳನ್ನೂ, ಹಳದಿ ಬಣ್ಣವನ್ನೂ ಹೇಳಿದೆ, ಕ್ಷಮಿಸಿ ಅಕ್ಕಾ ಎಂದೆ. ಪತ್ರ ಬರೆದು ತಂದಿದ್ದೇನೆ ಎಂದಾಗ ಅವರು ಕೈ ಚಾಚಿದರು. ಪತ್ರ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

“ನಾನು ಸುಳ್ಳು ಹೇಳಿಲ್ಲ ಅಂತ ಇದರಲ್ಲಿದೆ” ಎಂದರು.

“ಹೌದು ಅಕ್ಕಾ.”

“ಇಂಗ್ಲಿಷಲ್ಲಿ ಕೇಳಿದ್ರೆ ಯೆಸ್ ಯಾವುದು, ನೋ ಯಾವುದು ನನಗೆ ಗೊತ್ತಾಗಲ್ಲ ಅಂತಾನೂ ಇದೆ.”

ಆ ಪದಗಳಲ್ಲಿ ಬರೆದಿರಲಿಲ್ಲ, ಆದರೆ ಬರೆದದ್ದರ ಅರ್ಥ ಅದೇ ಆಗಿತ್ತು.

“ಸುಳ್ಳು ಹೇಳಿದ ನರ್ಸನ್ನ ಒಂದಿನ ಕ್ಷಮಿಸಬಹುದು ನಂಗಿ. ಯೆಸ್ ನೋ ಗೊತ್ತಿಲ್ಲದ ನರ್ಸಿನ ಕೈಗೆ ರೋಗೀನ ಯಾರು ಕೊಡ್ತಾರೆ? ನನ್ನ ವಾರ್ಡಲ್ಲಿ ನಾನೇ ಕೊಡ್ತಿರ್ಲಿಲ್ಲ.”

“ಆದರೆ ಅಕ್ಕಾ, ಇದನ್ನ ಕೊಡದಿದ್ರೆ ದೂರು ಹಾಗೇ ಉಳಿಯತ್ತೆ.”

“ಕೊಟ್ರೆ ಪರೀಕ್ಷೆಗೆ ಮುಂಚೇನೇ ನಾನು ಫೇಲು. ನೀನೇ ಸಹಿ ಹಾಕಿದ್ದೀಯ, ಇಂಗ್ಲಿಷ್ ಟೀಚರ್ ಅಂತ.” ಅವರ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಅಳಲಾದರೂ ಆಗುತ್ತಿತ್ತು. “ಮೂರು ದಿನ ಆ ಮನುಷ್ಯರಿಗೆ ಮಾತ್ರೆ ಹೋಗಿಲ್ಲ. ನನ್ನಿಂದಾನೇ ಹೋಗಿಲ್ಲ. ಸುಳ್ಳಿಯಾದ್ರೆ ಅದು ಬರೀ ನನ್ನ ಗುಣ. ಭಾಷೆ ಬರಲ್ಲ ಅಂದ್ರೆ ನನ್ನ ಇಪ್ಪತ್ತೆರಡು ವರ್ಷಾನೂ ಹೋಯ್ತು.”

ಪತ್ರವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ವಾಪಸ್ ಕೊಟ್ಟರು. ಪರೀಕ್ಷೆಗೂ ಹೋಗುವುದಿಲ್ಲ ಎಂದರು. ಬಾಯಿ ತೆರೆದರೆ ಈಗ ಯಾವ ಮಾತು ಸರಿ, ಯಾವುದು ತಪ್ಪು ಎಂದು ಭಯವಾಗುತ್ತದಂತೆ. ಕಾಫಿ ಮಾಡಿಕೊಟ್ಟರು. ನಾನು ಹೊರಡುವಾಗ ಬಾಗಿಲವರೆಗೆ ಬಂದು, ಅಷ್ಟು ಹೊತ್ತು ಕೇಳದಿದ್ದದ್ದನ್ನು ಕೇಳಿದರು.

“ನನ್ನ ದನಿ ನಿಮ್ಮ ಕಂಪ್ಯೂಟರಲ್ಲಿದೆಯಲ್ಲ. ಅದನ್ನ ತೆಗೆದುಬಿಡು. ಆ ಯೆಸ್‌ಗಳನ್ನೆಲ್ಲ ಇನ್ನೊಬ್ಬರು ಕೇಳೋದು ಬೇಡ.”

“ತೆಗೀತೀನಿ ಅಕ್ಕಾ.”

“ಒಂದೂ ಬಿಡದ ಹಾಗೆ.”

“ಒಂದೂ ಬಿಡಲ್ಲ” ಎಂದು ಅವರ ಕೈ ಹಿಡಿದು ಹೇಳಿದೆ. ಆಗ ನಿಜವಾಗಿಯೇ ಹೇಳಿದ್ದೆ.

ಆಫೀಸಿನಲ್ಲಿ ಅದು ಬೇರೆ ರೀತಿ ಆಯಿತು. ಯಂತ್ರವನ್ನು ಸರಿಪಡಿಸಲು ತಪ್ಪು ಉತ್ತರಗಳ ಮಾದರಿ ಬೇಕಿತ್ತು, ಬೇಕಾದಷ್ಟು. ಬೇರೆಯವರ ರೆಕಾರ್ಡಿಂಗುಗಳಲ್ಲಿ ಈ ಪ್ರಶ್ನೆಯೇ ಅಪರೂಪ, ಇದ್ದಲ್ಲಿ ಗದ್ದಲ. ಅಕ್ಕನದು ಸ್ಪಷ್ಟ ದನಿ, ಒಂದೇ ಪ್ರಶ್ನೆ, ಮೂವತ್ತೇಳು ಸಲ. ಇದಕ್ಕಿಂತ ಒಳ್ಳೆಯ ಮಾದರಿ ಎಲ್ಲಿ ಸಿಗುತ್ತದೆ ಎಂದರು ಮ್ಯಾನೇಜರು. ಅಕ್ಕ ಅದನ್ನು ತೆಗೆದುಹಾಕಲು ಕೇಳಿದ್ದಾರೆ ಎಂದೆ. ಲೈಬ್ರರಿಯಲ್ಲಿ ಮೊದಲ ದಿನ ನಾನೇ ಅವರಿಂದ ಸಹಿ ಮಾಡಿಸಿದ್ದ ಫಾರಂ ತೆರೆದು ತೋರಿಸಿದರು. ಬಳಸಬಹುದು ಎಂದು ಅದರಲ್ಲಿತ್ತು. ಇನ್ನೊಮ್ಮೆ ಹೇಳಿ ನೋಡಬಹುದಿತ್ತು, ಜಗಳವಾಡಬಹುದಿತ್ತು. ಇದನ್ನು ಸರಿ ಮಾಡದಿದ್ದರೆ ಇನ್ನೊಬ್ಬ ನರ್ಸು ಇನ್ನೊಂದು ಬಾಗಿಲಲ್ಲಿ ನಿಂತು ಯೆಸ್ ಎನ್ನುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಹೌದು. ಅಕ್ಕನಿಗೆ ಕೊಟ್ಟ ಮಾತೂ ನಿಜವೇ ಆಗಿತ್ತು. ನಾನು ಮೇಜಿಗೆ ಹೋಗಿ ಕೂತೆ.

ಒಂದೊಂದನ್ನೇ ತೆರೆದು, ಕೇಳಿ, ಸರಿ ಇದ್ದದ್ದನ್ನು ಅಳಿಸಿ ತಪ್ಪು ಎಂದು ಗುರುತು ಹಾಕಬೇಕು. ಮೊದಲೆಲ್ಲ ಅಕ್ಕನ ಉತ್ತರ ಕಿವಿಗೆ ಬಿದ್ದ ಕೂಡಲೇ ಗುರುತು ಹಾಕಿ ಮುಂದಿನದಕ್ಕೆ ಹೋಗುತ್ತಿದ್ದೆ, ಕೊನೆತನಕ ಯಾವುದನ್ನೂ ಕೇಳಿರಲಿಲ್ಲ. ಆ ದಿನ ಪೂರ್ತಿ ಕೇಳಿದೆ. ಕಾರಿನ ಸದ್ದು, ಪಕ್ಕದಲ್ಲಿ ಹೋದ ಲಾರಿ, ಯಂತ್ರದ ಪ್ರಶ್ನೆ, ಅಕ್ಕನ ಯೆಸ್, ಅದಕ್ಕೆ ಯಂತ್ರದ ಮಾತು, ಮೊದಲ ಒಂಬತ್ತಕ್ಕೆ ಬರೀ ಓಕೆ, ಆಮೇಲಿನವಕ್ಕೆ ವೆರಿ ಗುಡ್. ಅದಾದ ಮೇಲೆ ಅಕ್ಕ ಪ್ರತಿ ಸಲವೂ, ಎದುರಿಗೆ ಯಾರೋ ಕೂತಿದ್ದಾರೆ ಎನ್ನುವ ಹಾಗೆ, ಥ್ಯಾಂಕ್ಯೂ ಟೀಚರ್ ಎನ್ನುತ್ತಿದ್ದರು. ಮೂವತ್ತೇಳು ಸಲವೂ. ಮುಗಿಯುವ ಹೊತ್ತಿಗೆ ಪಾರ್ಕಿಂಗ್ ಲಾಟು ಖಾಲಿಯಾಗಿತ್ತು.

ಟ್ಯೂಟರ್ ಈಗ ಆ ತಪ್ಪನ್ನು ಹಿಡಿಯುತ್ತದೆ. ಯಾರಾದರೂ ಯೆಸ್ ಎಂದರೆ ತಡೆದು, ಕೊಟ್ಟಿದ್ದೀರೋ ಕೊಟ್ಟಿಲ್ಲವೋ ಎಂದು ಕೇಳಿ, ನೋ ಎನ್ನುವುದನ್ನು ಕಲಿಸುತ್ತದೆ. ಚೆನ್ನಾಗಿ ಕಲಿಸುತ್ತದೆ.

ತಿಂಗಳಾದ ಮೇಲೆ ಅಕ್ಕ ಫೋನ್ ಮಾಡಿದರು. ಗಿಲ್‌ರಾಯ್‌ನ ಔಟ್‌ಲೆಟ್ ಅಂಗಡಿಯೊಂದರಲ್ಲಿ ಬಟ್ಟೆ ಮಡಚಿಡುವ ಕೆಲಸ ಸಿಕ್ಕಿದೆಯಂತೆ. ಅಲ್ಲಿ ಮಾತಾಡುವುದು ಹೆಚ್ಚಿಲ್ಲವಂತೆ, ಅದೇ ವಾಸಿಯಂತೆ. ಮಗಳು ಹೇಗಿದ್ದಾಳೆ ಎಂದು ಕೇಳಿದರು. ಆಮೇಲೆ “ಡಿಡ್ ಯು ಟೇಕ್ ಔಟ್ ಮೈ ವಾಯ್ಸ್, ನಂಗಿ?” ಎಂದರು.

ಪ್ರಶ್ನೆಯಲ್ಲಿ ಇಲ್ಲ ಎಂಬುದು ಎಲ್ಲೂ ಇರಲಿಲ್ಲ. ಯಾವ ಭಾಷೆಯವರಿಗೂ ಗೊಂದಲವಾಗದ ಪ್ರಶ್ನೆ.

“ಯೆಸ್, ಅಕ್ಕಾ” ಎಂದೆ.

ಅವರು ನಂಬಿದರು. ಒಳ್ಳೆಯದಾಯಿತು ಎಂದು ಹೇಳಿ ಫೋನ್ ಇಟ್ಟರು.